ತಿದ್ದಿದ ಹುಬ್ಬು

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಮ್ಯಾನೇಜರನ ಮೇಜಿನ ಮೇಲೆ ಸಾಲಾಗಿ ಹರಡಿದ್ದ ಏಳು ಮುಖಗಳಲ್ಲಿ ಒಂದೂ ತನ್ನ ತಂಗಿಯದಲ್ಲ ಎಂಬುದು ತಿದ್ದುಗಾರನಿಗೆ ಮೊದಲ ನೋಟಕ್ಕೇ ತಿಳಿಯಿತು. ತಿಳಿದದ್ದು ಹೊರಗೆ ಕಾಣಬಾರದೆಂದು ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಒರೆಸುತ್ತಿದ್ದಷ್ಟು ಹೊತ್ತು ಮುಖಗಳು ಮಸುಕಾಗಿ, ಆ ಮಸುಕಿನಲ್ಲಿ ಸ್ವಲ್ಪ ಅವಳಂತೆಯೇ ಕಂಡವು. ಹತ್ತೊಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಸಂಜೆ ಆರಕ್ಕೆ ಟೀವಿಯಲ್ಲಿ ಬರುತ್ತಿರುವ ‘ಅಂಚೆಹುಡುಗಿ’ ಎಂಬ ಆ್ಯನಿಮೆ ಧಾರಾವಾಹಿಯ ನಾಯಕಿಗೆ ಎಂದೆಂದಿಗೂ ಹನ್ನೆರಡೇ ವರ್ಷ. ಸೈಕಲ್ಲಿಗೆ ಚರ್ಮದ ಚೀಲ ಕಟ್ಟಿಕೊಂಡು, ನೀರಿನ ಮೇಲೆ ನಿಂತ ಊರೊಂದರಲ್ಲಿ ಮನೆಮನೆಗೆ ಕಾಗದ ಮುಟ್ಟಿಸುತ್ತಾಳೆ. ಹೊರಡುವ ಮುನ್ನ ಎಡಹುಬ್ಬನ್ನು ಕೂದಲೆಳೆಯಷ್ಟು ಮೇಲೆತ್ತಿ, ತುಟಿಗಳನ್ನು ತುಸುವೇ ತೆರೆದು, ನೋಡುವವರ ಕಡೆಗೊಮ್ಮೆ ತಿರುಗುತ್ತಾಳೆ. ಆ ಒಂದು ತಿರುಗುವಿಕೆಗಾಗಿ ಜನ ಒಂದು ಕಾಲದಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅವಳನ್ನು ಯಾರನ್ನು ನೋಡಿ ಬರೆದದ್ದೆಂದು ಆ ಕಟ್ಟಡದಲ್ಲಿ ಕೆಲಸ ಮಾಡುವ ನಲವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮ್ಯಾನೇಜರ್ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ. ಕೆಟ್ಟ ಸುದ್ದಿ ಹೇಳುವಾಗ ನೀರಿನ ಲೋಟವನ್ನು ಎದುರಿನವರ ಕಡೆಗೆ ತಳ್ಳುವ ಅಭ್ಯಾಸದವನು. ಈಗಲೂ ತಳ್ಳಿದ. ಕಳೆದ ಭಾನುವಾರದ ಸಂಚಿಕೆಯಿಂದ ಪ್ರೇಕ್ಷಕರು ಈ ಏಳು ಚಿತ್ರಗಳನ್ನು ತೆಗೆದು, ಮೊದಲ ವರ್ಷದ ಚಿತ್ರದ ಪಕ್ಕದಲ್ಲಿಟ್ಟು, ಫೋನಿನಿಂದ ಫೋನಿಗೆ ಹರಿಯಬಿಟ್ಟಿದ್ದರು. ಒಂದರ ಕೆಳಗೆ ಯಾರೋ, ಇವಳ ಕೈಗೆ ಕಾಗದ ಕೊಟ್ಟರೆ ಅದು ಮುಟ್ಟುವುದು ಮೊಮ್ಮಕ್ಕಳಿಗೆ ಎಂದು ಬರೆದಿದ್ದರು. ಇನ್ನೊಂದರ ಕೆಳಗಿದ್ದ ಮಾತಿನಲ್ಲಿ ನಗೆಯಿರಲಿಲ್ಲ: ಅಂಚೆಹುಡುಗಿ ಎಂದೋ ಸತ್ತಿದ್ದಾಳೆ, ಬೇರೆ ಯಾರೋ ಅವಳ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದಾರೆ. ಅದನ್ನು ಮ್ಯಾನೇಜರ್ ಗಟ್ಟಿಯಾಗಿ ಓದಿದಾಗ ಲೋಟದ ಕಡೆಗೆ ಹೋಗಿದ್ದ ತಿದ್ದುಗಾರನ ಕೈ ಅಲ್ಲೇ ನಿಂತಿತು. ವಾಹಿನಿಯವರ ಪತ್ರ ಬಂದಿತ್ತು. ಬರುವ ಭಾನುವಾರದ ಸಂಚಿಕೆಯಲ್ಲೂ ಅಂಥವೇ ಮೂರು ಸಮೀಪದ ಶಾಟ್‌ಗಳಿವೆ, ಅವನ್ನು ಹೊಸದಾಗಿ ಬರೆಯಬೇಕು. ಮುಖ ಕೆಡಿಸಿದವರು ಯಾರೆಂದು ಇಂದು ಸಂಜೆ ಐದರೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ ಅವರು ಅಂಚೆಹುಡುಗಿಯನ್ನು ಮುಟ್ಟಕೂಡದು. ಏಳೂ ಮುಖಗಳ ಮೂಲ ಚಿತ್ರಗಳಿದ್ದ ಲಕೋಟೆಗಳ ಮೂಲೆಯಲ್ಲಿದ್ದದ್ದು, ಎಲ್ಲರೂ ‘ಎಡಚಿ’ ಎಂದು ಕರೆಯುವ ಚಿತ್ರಗಾರ್ತಿಯ ಗುರುತು. ಅಂಚೆಹುಡುಗಿಯನ್ನು ಬಿಟ್ಟರೆ ಅಲ್ಲಿ ಎಡಚಿಗೆ ಬೇರೆ ಕೆಲಸವಿರಲಿಲ್ಲ.

“ನೀವು ಎರಡು ಸಾಲು ಬರೆದುಕೊಟ್ರೆ ಸಾಕು ಸರ್,” ಎಂದ ಮ್ಯಾನೇಜರ್. “ಈ ಹುಡುಗೀನ ಮೊದಲು ಬರೆದೋರೇ ನೀವು. ಹೆಸರು ನಿಮ್ಮ ಕೈಯಿಂದ ಬಂದ್ರೆ ಯಾರೂ ಎರಡನೇ ಮಾತಾಡಲ್ಲ.”

“ಆಕೆ ಹನ್ನೊಂದು ವರ್ಷದಿಂದ ಇಲ್ಲಿದ್ದಾಳೆ.”

“ಅದಕ್ಕೇ ಸರ್. ಹೊಸಬರ ಹೆಸರು ಕೊಟ್ರೆ ಅವರು ನಂಬಲ್ಲ.”

ಹಾಲಿನುದ್ದಕ್ಕೂ ನಡೆದು ತನ್ನ ಮೇಜಿಗೆ ಬರುವಾಗ ಅವನು ಆರೋಪಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಜೋಡಿಸಬೇಕಾಗಿಯೂ ಇರಲಿಲ್ಲ, ವರ್ಷಗಳಿಂದ ಅವು ನಾಲಿಗೆಯ ತುದಿಯಲ್ಲೇ ಇದ್ದವು. ಮೊದಲು ಒಂದು ಸೆಕೆಂಡಿನ ಚಲನೆಗೆ ಹನ್ನೆರಡು ಚಿತ್ರ ಬರೆಯುತ್ತಿದ್ದರು, ಈಗ ಆರು. ಮಾತನಾಡುವಾಗ ತುಟಿಯೊಂದೇ ಅಲ್ಲಾಡುತ್ತದೆ, ತಲೆ ಗೋಡೆಗೆ ಮೊಳೆ ಹೊಡೆದಂತಿರುತ್ತದೆ. ಸಮಯ ಸಾಲದ ವಾರ ಪಾತ್ರಗಳೆಲ್ಲ ಬೆನ್ನು ತಿರುಗಿಸಿಕೊಂಡೇ ಜಗಳವಾಡುತ್ತವೆ, ಬೆನ್ನಿಗೆ ತುಟಿ ಬರೆಯಬೇಕಾಗಿಲ್ಲವಲ್ಲ. ದೂರದ ಜನರಿಗೆ ಕಣ್ಣಿಲ್ಲ, ಮೂಗಿಲ್ಲ, ಕೋಳಿಮೊಟ್ಟೆಗೆ ಟೋಪಿ ಇಟ್ಟಂತೆ ನಿಂತಿರುತ್ತಾರೆ. ಸೇತುವೆ ದಾಟುವ ಅಂಚೆಹುಡುಗಿ ನಾಲ್ಕನೆಯ ವರ್ಷ ಬರೆದಿಟ್ಟ ಅದೇ ಅಂಚೆಹುಡುಗಿ. ಆ ಒಂದು ಓಟವನ್ನು ಇನ್ನೂರು ಸಲ ಬಳಸಿಯಾಗಿದೆ, ಅದರಲ್ಲಿ ಚೀಲ ತಪ್ಪು ಹೆಗಲಿನಲ್ಲಿದೆ, ಯಾರೂ ಬದಲಾಯಿಸಿಲ್ಲ. ಇವೆಲ್ಲ ಅವಸರದ ಪಾಪ. ವಾರ ತುಂಬಿತೆಂದರೆ ಬಾಯಿ ತೆರೆದು ನಿಲ್ಲುವ ರಾಕ್ಷಸನ ಹೊಟ್ಟೆಗೆ ಏನಾದರೂ ಹಾಕಲೇಬೇಕು. ಆದರೆ ಅವಸರದ್ದು ಬೇರೆ, ಮುಖದ್ದು ಬೇರೆ. ಮುಖ ಕೆಡಲು ಅವಸರ ಸಾಲದು, ಅಸಡ್ಡೆಯೂ ಬೇಕು. ‘ಅಸಡ್ಡೆ’ ಎಂಬ ಮಾತನ್ನೇ ವರದಿಯಲ್ಲಿ ಬರೆಯಬೇಕೆಂದು ಅವನು ನಿಶ್ಚಯಿಸಿಕೊಳ್ಳುತ್ತಿದ್ದಾಗ, ಹಿನ್ನೆಲೆ ಬರೆಯುವವನು, ಹಗಲಿಡೀ ಮೋಡಗಳನ್ನೇ ಬರೆಯುವುದರಿಂದ ಎಲ್ಲರೂ ‘ಆಕಾಶ’ ಎಂದು ಕರೆಯುವವನು, ಕುಂಚ ಎತ್ತದೆಯೇ ಕೇಳಿದ: “ಏನಪ್ಪಾ, ಏಳು ಜನ ಅಕ್ಕತಂಗೀರನ್ನ ಒಟ್ಟಿಗೇ ನೋಡ್ಕೊಂಡು ಬಂದ್ಯಂತೆ?” ಸುತ್ತಲಿನ ಮೂರು ಮೇಜುಗಳಿಂದ ನಗು ಕೇಳಿಸಿತು. ತಿದ್ದುಗಾರನೂ ನಕ್ಕ. ತನ್ನ ಮೋಡಕ್ಕೆ ಇಂದಿನವರೆಗೆ ಒಬ್ಬನೂ ದೂರು ಬರೆದಿಲ್ಲ, ಮೂಗಿಲ್ಲದವರ ಪುಣ್ಯವೇ ಪುಣ್ಯ ಎಂದು ಆಕಾಶ ಹಿಂದಿನಿಂದ ಹೇಳುತ್ತಲೇ ಇದ್ದ.

ಅವನ ಕೆಲಸ ತಿದ್ದುವುದು. ಬೇರೆಯವರು ಬರೆದ ಮುಖದ ಮೇಲೆ ತೆಳುವಾದ ಹಳದಿ ಹಾಳೆಯಿಟ್ಟು, ಕೆಳಗಿನಿಂದ ಬೆಳಕು ಬೀಳುವ ಲೈಟ್ ಬಾಕ್ಸಿನ ಗಾಜಿನ ಮೇಲೆ, ತಪ್ಪಿದ ಗೆರೆಯನ್ನು ಸರಿಯಾದ ಜಾಗಕ್ಕೆ ತರುವುದು. ತಂದು, ಲಕೋಟೆಗೆ ಹಾಕಿ, ಮೂಲೆಯಲ್ಲಿ ಸಹಿ ಮಾಡುವುದು. ಧಾರಾವಾಹಿಯಲ್ಲಿ ಓಡಾಡುವ ಮುಖ ಅವನ ಹಳದಿ ಹಾಳೆಯ ಮುಖ. ವಾರಕ್ಕೆ ಮುನ್ನೂರು ಲಕೋಟೆ. ಎದುರಿನ ಕಿಟಕಿಯ ಪಕ್ಕದಲ್ಲಿ ಎಡಚಿ ಕುಳಿತಿದ್ದಳು: ನಲವತ್ತರ ಹೆಂಗಸು, ಎಡಗೈಯಿಂದ ಬರೆಯುವವಳು, ಬರೆದ ಗೆರೆ ಅಂಗೈಗೆ ಒರೆಸಿಹೋಗಬಾರದೆಂದು ಕಿರುಬೆರಳಿಗೆ ಹಳೆಯ ಕಾಲುಚೀಲದ ತುಂಡೊಂದನ್ನು ತೊಡಿಸಿಕೊಂಡವಳು. ಹೊಸದಾಗಿ ಬಂದಾಗ ಆ ಹೆಸರಿನಿಂದ ಹಂಗಿಸಿದವರಲ್ಲಿ ಅವನೂ ಒಬ್ಬ. ಅವಳು ಸಿಟ್ಟಾಗದೆ, ತನ್ನ ಲಕೋಟೆಗಳ ಮೂಲೆಯಲ್ಲಿ ಹೆಸರಿನ ಬದಲು ಪುಟ್ಟ ಎಡಗೈಯೊಂದನ್ನು ಬರೆಯತೊಡಗಿದ್ದಳು. ಈಗ ಅವಳು ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದ ಬಗೆಯಲ್ಲೇ ಅವಳಿಗೆ ಸುದ್ದಿ ಮುಟ್ಟಿದೆಯೆಂದು ಗೊತ್ತಾಗುತ್ತಿತ್ತು. ಒಮ್ಮೆ ತಲೆಯೆತ್ತಿ ಅವನ ಕಡೆ ನೋಡಿದಳು. ಅವನು ಪೆನ್ಸಿಲ್ ಕೆತ್ತಿದ. ಕೆತ್ತುವ ಅಗತ್ಯವಿರಲಿಲ್ಲ.

ವರದಿಯ ಮೊದಲ ಸಾಲು, ಎಡಚಿಯ ಹೆಸರಿನೊಂದಿಗೆ, ಸರಾಗವಾಗಿ ಬಂತು. ಎರಡನೆಯ ಸಾಲಿನ ನಡುವೆ, ‘ನಾನು ಪ್ರತಿಸಲ ತಿದ್ದಿ ಕೊಟ್ಟಿದ್ದರೂ’ ಎಂಬಲ್ಲಿ, ಕೈ ನಿಂತಿತು. ಅನುಮಾನದಿಂದಲ್ಲ, ಸಾಕ್ಷಿಯ ಆಸೆಯಿಂದ. ಅವಳ ಹತ್ತು ಕೆಟ್ಟ ಮುಖಗಳನ್ನೂ ಅವುಗಳ ಮೇಲಿನ ತನ್ನ ಹತ್ತು ಹಳದಿ ಹಾಳೆಗಳನ್ನೂ ವರದಿಗೆ ಲಗತ್ತಿಸಿದರೆ ವಾಹಿನಿಯವರೂ ಬಾಯಿ ಮುಚ್ಚುತ್ತಾರೆ, ತನ್ನೊಳಗಿನವನೂ ಬಾಯಿ ಮುಚ್ಚುತ್ತಾನೆ. ಒಳಗಿನವನು ಏನನ್ನೂ ಹೇಳಿರಲಿಲ್ಲ. ಆದರೂ ಅವನ ಬಾಯಿ ಮುಚ್ಚಿಸುವ ಆತುರ ಏಕೆ ಬಂತೆಂದು ಮೆಟ್ಟಿಲಿಳಿಯುವಾಗ ಒಂದು ಕ್ಷಣ ಅನ್ನಿಸಿ, ದಾಟಿಹೋಯಿತು. ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಆ ಸಂಸ್ಥೆಯ ಮೊದಲ ದಿನದಿಂದಲೂ ಒಂದು ರೂಢಿ: ಚಿತ್ರವನ್ನೂ ಅದನ್ನು ತಿದ್ದಿದ ಹಳದಿ ಹಾಳೆಯನ್ನೂ ಬೇರ್ಪಡಿಸದೆ ಒಂದೇ ಲಕೋಟೆಯಲ್ಲಿ, ವರ್ಷದ ಕ್ರಮದಲ್ಲಿ ಕಟ್ಟಿಡುವುದು. ಕಟ್ಟಿಟ್ಟದ್ದನ್ನು ಯಾರೂ ಬಿಚ್ಚುವುದಿಲ್ಲ ಎಂಬುದೂ ರೂಢಿಯೇ. ಎತ್ತರದ ಕಬ್ಬಿಣದ ಕಪಾಟುಗಳ ನಡುವೆ ಒಂದು ಹಳೆಯ ಲೈಟ್ ಬಾಕ್ಸ್ ಇತ್ತು. ಗುಂಡಿ ಒತ್ತಿದಾಗ ಎರಡು ಸಲ ಮಿಟುಕಿ, ಹಾಲಿನಂಥ ಬೆಳಕು ನಿಂತಿತು.

ಎಡಚಿ ಬಂದ ವರ್ಷದ, ಎಂದರೆ ಎಂಟನೆಯ ವರ್ಷದ ಕಟ್ಟನ್ನು ಬಿಚ್ಚಿ, ಅವಳ ಗುರುತಿದ್ದ ಮೊದಲ ಲಕೋಟೆಯನ್ನು ತೆರೆದ. ಅವಳ ಚಿತ್ರವನ್ನು ಗಾಜಿನ ಮೇಲಿಟ್ಟ. ಅದರ ಮೇಲೆ ತನ್ನ ಹಳದಿ ಹಾಳೆಯನ್ನು ಜೋಡಿಸಿದ. ಅವಳ ಹುಬ್ಬು ಮೇಲಿತ್ತು. ಅವನ ಹುಬ್ಬು ಅದಕ್ಕಿಂತ ಕೆಳಗಿತ್ತು. ಅವಳು ಬರೆದ ತುಟಿ ತುಸು ತೆರೆದಿತ್ತು. ಹಳದಿ ಹಾಳೆಯಲ್ಲಿ ಮುಚ್ಚಿತ್ತು. ಯಾವುದೋ ಒಂದು ಶಾಟ್ ಇರಬಹುದೆಂದು ಇನ್ನೊಂದು ಲಕೋಟೆ ತೆರೆದ, ಮತ್ತೊಂದು, ಮತ್ತೂ ಒಂದು. ಒಂಬತ್ತನೆಯ ವರ್ಷದ ಹೊತ್ತಿಗೆ ಅವಳ ಹುಬ್ಬೂ ಸ್ವಲ್ಪ ಕೆಳಗಿಳಿದಿತ್ತು, ಹಿಂದಿನ ವರ್ಷ ಅವನು ಇಳಿಸಿದ್ದಷ್ಟೇ. ಅವನ ಹಳದಿ ಹಾಳೆ ಅದನ್ನು ಇನ್ನೂ ಕೂದಲೆಳೆಯಷ್ಟು ಇಳಿಸಿತ್ತು. ಹೀಗೆ ವರ್ಷದಿಂದ ವರ್ಷಕ್ಕೆ, ಒಬ್ಬರು ಮೆಟ್ಟಿಲಿಳಿಯುತ್ತ, ಇನ್ನೊಬ್ಬರು ಹಿಂದಿನ ಮೆಟ್ಟಿಲಿಗೆ ಬಂದು ನಿಲ್ಲುತ್ತ, ಕಳೆದ ಭಾನುವಾರದ ಆ ಮೇಣದ ಮುಖದವರೆಗೆ. ಅವಳು ಬರುವ ಮುಂಚಿನ ಕಟ್ಟುಗಳನ್ನು ಬಿಚ್ಚುವಾಗ ಅವನ ಬೆರಳುಗಳಿಗೆ ಗಂಟು ಸಿಗಲಿಲ್ಲ. ಬೇರೆ ಬೇರೆ ಕೈಗಳು, ಬಿಟ್ಟುಹೋದವರು, ಮದುವೆಯಾಗಿ ಹೋದವರು, ಒಬ್ಬ ತೀರಿಕೊಂಡವನು. ಎಲ್ಲರ ಮೇಲೂ ಅದೇ ಹಳದಿ ಹಾಳೆ, ಅದೇ ಇಳಿಜಾರು. ಎರಡನೆಯ ವರ್ಷದಿಂದಲೇ. ತಪ್ಪು ನಡೆದ ಬಗೆ ಅವನ ಕಸುಬಿನವನಿಗೆ ಮಾತ್ರ ಸಾಧ್ಯವಿರುವಂಥದು: ಪ್ರತಿ ವಾರವೂ ಅವನು ತಿದ್ದಿದ್ದು ಹಿಂದಿನ ವಾರ ತಾನೇ ತಿದ್ದಿ ಎದುರಿಗೆ ಪಿನ್ನು ಚುಚ್ಚಿಕೊಂಡಿದ್ದ ಮುಖವನ್ನು ನೋಡಿ. ಅದಕ್ಕೆ ಮಾದರಿ ಅದರ ಹಿಂದಿನ ವಾರದ್ದು. ಮುಖದ ಅಳತೆಗಳನ್ನೆಲ್ಲ ಗೊತ್ತುಪಡಿಸಿದ ಮೂಲ ಮಾಡೆಲ್ ಶೀಟಿನ ನಕಲನ್ನು ಹೊಸಬರಿಗೆಲ್ಲ ಕೊಡುತ್ತಿದ್ದರು. ಶೀಟ್ ಬರೆದವನಿಗೇ ಶೀಟ್ ಕೊಡುವ ಅಧಿಕಪ್ರಸಂಗ ಯಾರು ಮಾಡುತ್ತಾರೆ? ಹದಿನೆಂಟು ವರ್ಷಗಳಿಂದ ಅವನು ಅದನ್ನು ನೋಡಿರಲಿಲ್ಲ. ನೋಡಬೇಕಾಗಿಲ್ಲ, ನನ್ನ ಕೈಗೆ ಗೊತ್ತಿದೆ ಎನ್ನುತ್ತಿದ್ದ.

ಮೂಲ ಶೀಟ್ ಮೇಲಿನ ಕಪಾಟಿನಲ್ಲಿ ರಟ್ಟಿನ ಕವಚದೊಳಗಿತ್ತು. ಏಣಿ ಹತ್ತಿ ತೆಗೆದ; ಗಾಜಿನ ಮೇಲಿಡದೆ, ಮಂಡಿಯ ಮೇಲೆಯೇ ಇಟ್ಟುಕೊಂಡು ತೆರೆದ. ಶೀಟಿನೊಳಗಿಂದ ತಂಗಿ ಅವನನ್ನೇ ನೋಡುತ್ತಿದ್ದಳು. ಹತ್ತೇ ನಿಮಿಷ, ಅಲ್ಲಾಡಬೇಡ ಎಂದಿದ್ದ ಅವನು ಆವತ್ತು. ಚಿತ್ರಕಲಾ ಶಾಲೆಯ ಪ್ರವೇಶಕ್ಕೆ ಮರುದಿನ ಒಂದು ಭಾವಚಿತ್ರ ಒಪ್ಪಿಸಬೇಕಿತ್ತು. ಮನೆಯಲ್ಲಿ ಕೂರಲು ಒಪ್ಪುವ ಮುಖ ಬೇರೊಂದಿರಲಿಲ್ಲ. ಅವಳಿಗೆ ಜ್ವರ ಬಂದು ಅಂದಿಗೆ ಒಂಬತ್ತು ದಿನ. ತಾಯಿ ಹಲವು ರಾತ್ರಿಗಳ ನಿದ್ದೆಗೆಟ್ಟು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಅವನು ತಂಗಿಯನ್ನು ಎಬ್ಬಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಕೂರಿಸಿದ್ದ. ರೆಪ್ಪೆ ಮುಚ್ಚಿಹೋಗದಿರಲೆಂದು ಅವಳು ಹುಬ್ಬನ್ನು ಮೇಲೆತ್ತಿ ಹಿಡಿದಿದ್ದಳು, ಒಂದನ್ನೇ, ಇನ್ನೊಂದಕ್ಕೆ ಬಲ ಸಾಲದೆ. ಮೂಗು ಕಟ್ಟಿ ಬಾಯಿಂದ ಉಸಿರಾಡುತ್ತಿದ್ದಳು. ಕಣ್ಣಿನಲ್ಲಿ ಆ ಹೊಳಪು. ಎಂಥ ಹೊಳಪು ಎಂದು ಅವನು ಸಂತೋಷದಿಂದ ಇನ್ನೊಂದು ಪೆನ್ಸಿಲ್ ಕೆತ್ತಿಕೊಂಡಿದ್ದ. ಮುಗೀತಾ ಎಂದು ಅವಳು ನಡುವೆ ಒಮ್ಮೆ ಕೇಳಿದಳು; ಇನ್ನೊಂಚೂರು ಎಂದ. ಹತ್ತು ನಿಮಿಷ ಒಂದು ಗಂಟೆಯಾಯಿತು. ಎರಡು ದಿನಗಳ ಮೇಲೆ ಅವಳು ಇರಲಿಲ್ಲ. ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಿದ ಡಾಕ್ಟರಿಗೆ ಆ ಒಂದು ಗಂಟೆಯ ವಿಷಯ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ಕಳೆದು, ಧಾರಾವಾಹಿಗೊಂದು ಮುಖ ಬೇಕೆಂದಾಗ ಆ ಚಿತ್ರವನ್ನೇ ಮುಂದಿಟ್ಟುಕೊಂಡು ಶೀಟ್ ಬರೆದ. ಹೊರಡುವ ಆತುರ ಎಷ್ಟು ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ಮೊದಲ ಸಂಚಿಕೆಯ ದಿನ ಅವನು ತಾಯಿಯನ್ನು ಕೈಹಿಡಿದು ತಂದು ಟೀವಿಯ ಮುಂದೆ ಕೂರಿಸಿದ್ದ. ಹುಡುಗಿ ತಿರುಗಿ ನೋಡಿದಳು. ತಾಯಿ ಎದ್ದು ಒಳಗೆ ಹೋದಳು; ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯ ಮುಂದೆ ನಿಂತಿದ್ದಳು. ಆಮೇಲೆ ಮೂರು ವರ್ಷ ಭಾನುವಾರ ಸಂಜೆ ಆ ಕೋಣೆಗೆ ಬರಲಿಲ್ಲ. ನಾಲ್ಕನೆಯ ವರ್ಷ, ಒಂದು ದಿನ, ಬಟ್ಟೆ ಮಡಚುವ ನೆಪದಿಂದ ಬಂದು ಬಾಗಿಲ ಬಳಿ ಕುಳಿತಳು. ಮುಂದಿನ ವಾರ ಕುರ್ಚಿಗೆ ಬಂದಳು. ಅಲ್ಲಿಂದ ಒಂದು ವಾರವೂ ತಪ್ಪಿಸಿಲ್ಲ. ಇವತ್ತು ಎಲ್ಲಿಗೆ ಹೋಗ್ತಾಳೋ ಎನ್ನುತ್ತ ಐದೂ ಮುಕ್ಕಾಲಿಗೇ ಬಂದು ಕೂರುತ್ತಾಳೆ. ಅವಳನ್ನು ಕಾಲ ಸಮಾಧಾನಪಡಿಸಿತೆಂದು ಅವನು ನಂಬಿದ್ದ. ಕಾಲವಲ್ಲ, ಈ ಕೈ. ತಾಯಿ ಕೂರಬಲ್ಲಷ್ಟು ಹುಬ್ಬು ಇಳಿಯುವವರೆಗೆ, ಅವನಿಗೆ ಹೇಳದೆ ಕೇಳದೆ, ವಾರಕ್ಕೆ ಮುನ್ನೂರು ಸಲ, ಈ ಕೈ ಆ ಮಗುವಿನ ಜ್ವರ ಇಳಿಸುತ್ತ ಬಂದಿತ್ತು. ಇಳಿದ ಮೇಲೂ ನಿಲ್ಲಿಸುವುದು ಗೊತ್ತಾಗದೆ ಇಳಿಸುತ್ತಲೇ ಇತ್ತು. ಅವನು ಗುಣಪಡಿಸುತ್ತಿದ್ದುದನ್ನು ಜನ ಸಾವು ಎಂದು ಕರೆದಿದ್ದರು. ಲೈಟ್ ಬಾಕ್ಸಿನ ಮುಂದೆ ಕುಳಿತು ಅವನು ಲೆಕ್ಕ ಹಾಕಿದ, ಹೇಡಿಗೆ ಬರುವಷ್ಟು ಸ್ಪಷ್ಟವಾದ ಬುದ್ಧಿಯಿಂದ. ಎಡಚಿಯ ಹೆಸರು ಬರೆದರೆ ಅವಳು ಹೋಗುತ್ತಾಳೆ. ಕೈ ತನ್ನದೇ ಉಳಿಯುತ್ತದೆ. ತಾಯಿ ಭಾನುವಾರ ಎಂದಿನಂತೆ ಕೂರುತ್ತಾಳೆ. ತನ್ನ ಹೆಸರು ಬರೆದರೆ ಮುಖ ಬೇರೆಯವರ ಕೈಗೆ ಹೋಗುತ್ತದೆ. ಬೇರೆಯವರು ಶೀಟ್ ನೋಡಿ ಬರೆಯುತ್ತಾರೆ. ಶೀಟಿನಲ್ಲಿ ಆ ಒಂದು ಗಂಟೆ ಪೂರ್ತಿಯಾಗಿ ಇದೆ.

ಹಿಂದೆ ಯಾರೋ ಕೆಮ್ಮಿದರು. ಎಡಚಿ ಕಪಾಟುಗಳ ನಡುವೆ ನಿಂತಿದ್ದಳು, ಕಿರುಬೆರಳಿನ ಕಾಲುಚೀಲವನ್ನು ಇನ್ನೊಂದು ಕೈಯಿಂದ ತಿರುವುತ್ತ. ಮ್ಯಾನೇಜರ್ ಹುಡುಕುತ್ತಿದ್ದಾರೆ, ನಾಲ್ಕೂಕಾಲಾಯಿತು ಎಂದು ಹೇಳಲು ಬಂದಿದ್ದಳಂತೆ. ನೆಲದ ಮೇಲೆ ಹರಡಿದ್ದ ಲಕೋಟೆಗಳನ್ನೂ ಗಾಜಿನ ಮೇಲಿದ್ದ ಎರಡು ಹುಬ್ಬುಗಳನ್ನೂ ನೋಡಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಆಗದೇ ಇದ್ದದ್ದು ಅವನನ್ನು ಕೆನ್ನೆಗೆ ಹೊಡೆದಂತೆ ತಾಕಿತು.

“ನಿನಗೆ ಗೊತ್ತಿತ್ತು,” ಎಂದ.

“ಬಂದ ವರ್ಷವೇ ಕೇಳಿದ್ದೆ ಸರ್. ಶೀಟಲ್ಲಿ ಹುಬ್ಬು ಮೇಲಿದೆಯಲ್ಲಾ ಅಂತ. ಶೀಟ್ ಬರೆದೋನು ನಾನೋ ನೀನೋ ಅಂದ್ರಿ, ಎಲ್ಲರ ಮುಂದೆ.”

ಅವನಿಗೆ ನೆನಪಿರಲಿಲ್ಲ. ನೆನಪಿಲ್ಲದಿರುವುದೇ ಹೆಚ್ಚು ನಾಚಿಕೆ ತಂದಿತು. ಅವಳು ಮಾತು ಮುಂದುವರಿಸಿದಳು, ದೂರಿನ ದನಿಯಲ್ಲಲ್ಲ, ಯಂತ್ರವೊಂದರ ರಿಪೇರಿ ವಿವರಿಸುವವಳಂತೆ. ಮೊದಲು ಶೀಟಿನಂತೆಯೇ ಬರೆದುಕೊಡುತ್ತಿದ್ದಳು. ಪ್ರತಿಯೊಂದೂ ಹಳದಿ ಹಾಳೆ ಹೊತ್ತು ವಾಪಸು ಬರುತ್ತಿತ್ತು. ಅವನಿಗೂ ತೊಂದರೆ, ವಾರವೂ ಸಾಲುತ್ತಿರಲಿಲ್ಲ. ಕೊನೆಗೆ, ಅವನು ಹೇಗೆ ತಿದ್ದುತ್ತಾನೋ ಹಾಗೆಯೇ ಮುಂಚೆಯೇ ಬರೆದುಕೊಡುವುದನ್ನು ಕಲಿತಳು. ಆದರೂ ಅವನು ಇನ್ನಷ್ಟು ತಿದ್ದುತ್ತಿದ್ದ. ಮತ್ತೆ ಅದನ್ನು ಕಲಿತಳು.

“ಈಗ ನನ್ನ ಕೈಗೆ ಇಬ್ಬರು ಹುಡುಗೀರು ಗೊತ್ತು ಸರ್. ಒಬ್ಬಳು ನಿಮ್ಮವಳು, ಒಬ್ಬಳು ಶೀಟಿನವಳು.” ಅವನ ಮಂಡಿಯ ಮೇಲಿದ್ದ ಶೀಟಿನ ಕಡೆ ನೋಡಿ ಕೇಳಿದಳು: “ಶೀಟಿನವಳು ಯಾರು?”

ಅವನು ಕವಚ ಮುಚ್ಚಿದ. ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ. ಕೇಳಿದವಳ ಹೆಸರು ಅವನ ಜೇಬಿನಲ್ಲಿದ್ದ ಅರ್ಧ ಬರೆದ ವರದಿಯಲ್ಲಿತ್ತು. “ಅವಳನ್ನ ಬರೆಯೋಕೆ ಆಗುತ್ತಾ ನಿನಗೆ, ಈಗಲೂ?” ಎಂದಷ್ಟೇ ಕೇಳಿದ.

“ಆಗುತ್ತೆ. ಕಷ್ಟ. ಅವಳು ಏನನ್ನೋ ತಡ್ಕೊಂಡು ಕೂತಿರೋ ಹಾಗಿದಾಳೆ. ಬರೀತಾ ಬರೀತಾ ನನ್ನ ಕತ್ತೇ ಹಿಡ್ಕೊಳ್ಳುತ್ತೆ.”

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಮ್ಯಾನೇಜರನ ಕೋಣೆಗೆ ಹೋಗಿ, ಹೊಸ ಹಾಳೆಯಲ್ಲಿ ಬರೆದ ಮೂರು ಸಾಲನ್ನು ಮುಂದಿಟ್ಟ. ಮ್ಯಾನೇಜರ್ ಓದಿದ, ತಿರುಗಿಸಿ ಹಿಂಬದಿ ನೋಡಿದ, ನಿಜವಾದ ವರದಿ ಅಲ್ಲಿರಬಹುದೆಂಬಂತೆ. ಇದನ್ನು ಕಳಿಸಲು ಸಾಧ್ಯವಿಲ್ಲವೆಂದ. ಧಾರಾವಾಹಿಗೆ ಮುಖ ಕೊಟ್ಟವನೇ ಮುಖ ಕೆಡಿಸಿದನೆಂದರೆ ವಾಹಿನಿಯವರು ನಗುತ್ತಾರೆ. ಆಕೆಯ ಮೇಲೆ ಕನಿಕರವಿದ್ದರೆ ಬೇರೆ ದಾರಿ ನೋಡೋಣ, ಹೆಸರು ಬದಲಾಯಿಸೋಣ, ಕಳೆದ ವರ್ಷ ಬಿಟ್ಟುಹೋದ ಯಾರದಾದರೂ ಬರೆಯೋಣ. ಅದು ಎಷ್ಟು ಸುಲಭವಾಗಿತ್ತು. ಹೋದವರು ಹೇಗೂ ಹೋಗಿದ್ದಾರೆ, ಯಾರಿಗೂ ಗಾಯವಿಲ್ಲ, ಕೈ ತನ್ನದೇ ಉಳಿಯುತ್ತದೆ, ತಾಯಿ ಕೂರುತ್ತಾಳೆ. ತಿದ್ದುಗಾರ ಹೂಂ ಎನ್ನಲು ಬಾಯಿ ತೆರೆದ ಕೂಡ. ತೆರೆದ ಬಾಯಿಂದ ತಾನು ಉಸಿರಾಡುತ್ತಿರುವುದು ಅವನಿಗೇ ಕೇಳಿಸಿತು. ಮಾತನಾಡುವ ಬದಲು ತೋಳಿನಡಿಯಲ್ಲಿದ್ದ ಎರಡು ಲಕೋಟೆಗಳನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಎಡಚಿಯ ಚಿತ್ರದ ಮೇಲೆ ಹಳದಿ ಹಾಳೆಯನ್ನಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಮ್ಯಾನೇಜರ್ ಬಹಳ ಹೊತ್ತು ನೋಡಿದ. ಲೋಟವನ್ನು ಈ ಸಲ ತನ್ನ ಕಡೆಗೇ ಎಳೆದುಕೊಂಡು ಕುಡಿದ.

“ಯಾಕ್ ಸರ್?” ಎಂದ, ಮೆಲ್ಲಗೆ.

“ಕಣ್ಣು ಮಂಜಾಯ್ತು ಅಂತ ಬರ್ಕೊಳ್ಳಿ,” ಎಂದ ತಿದ್ದುಗಾರ. ಅಷ್ಟು ಸುಳ್ಳನ್ನು ಅವನು ತನಗಾಗಿ ಇಟ್ಟುಕೊಂಡ.

ಗುರುವಾರದಿಂದ ಅವನ ಮೇಜು ಆಕಾಶನ ಪಕ್ಕಕ್ಕೆ ಬಂತು. ಮೋಡಗಳಿಗೆ ಸಂಖ್ಯೆ ಹಾಕಿ ಕೊಡುವ ಕೆಲಸ. ಆಕಾಶ ಅಂದಿನಿಂದ ಒಂದು ತಮಾಷೆಯನ್ನೂ ಮಾಡಲಿಲ್ಲ, ಅದು ತಮಾಷೆಗಿಂತ ಹೆಚ್ಚು ಚುಚ್ಚಿತು. ಹಳದಿ ಹಾಳೆಗಳ ಕಟ್ಟು ಎಡಚಿಯ ಮೇಜಿಗೆ ಹೋಯಿತು. ಮೂರು ಶಾಟ್‌ಗಳನ್ನು ಅವಳೇ ಬರೆದಳು. ಒಂದರಲ್ಲಿ ಹುಡುಗಿ ಸುಮ್ಮನೆ ನಿಂತಿರುತ್ತಾಳೆ. ಅದಕ್ಕೆ ಸೆಕೆಂಡಿಗೆ ಹನ್ನೆರಡು ಚಿತ್ರ ಬೇಕೆಂದು ಅವಳು ಹಟ ಹಿಡಿದದ್ದು ಹಾಲಿಗೆಲ್ಲ ಕೇಳಿಸಿತು. ನಿಂತ ಮುಖಕ್ಕೆ ಹನ್ನೆರಡು ಯಾಕೆ, ಒಂದು ಸಾಲದೇ ಎಂದು ಮ್ಯಾನೇಜರ್ ಕೇಳಿದ. ಉಸಿರಾಡಬೇಕಲ್ಲ ಸರ್ ಎಂದಳು. ಶುಕ್ರವಾರ ಮಧ್ಯಾಹ್ನ ಅವಳ ಮೇಜಿನ ಪಕ್ಕದಿಂದ ಹಾದುಹೋಗುವಾಗ ತಿದ್ದುಗಾರ ಕಣ್ಣನ್ನು ನೆಲದ ಮೇಲಿಟ್ಟುಕೊಂಡ; ಆದರೂ ಕಾಗದದ ಮೇಲೆ ಪೆನ್ಸಿಲ್ ಎಳೆಯುವ ಸದ್ದು, ನಿಂತು ನಿಂತು, ದಣಿದವರು ಮಾತನಾಡಿದಂತೆ ಬಂತು.

ಭಾನುವಾರ ಐದೂ ಮುಕ್ಕಾಲಿಗೆ ತಾಯಿ ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತಳು. ಎಪ್ಪತ್ತಾರು ವರ್ಷ, ಎರಡು ಕಣ್ಣಿಗೂ ಆಪರೇಷನ್ ಆಗಿ, ಹಿಂದೆಂದಿಗಿಂತ ಸ್ಪಷ್ಟವಾಗಿ ಕಾಣುತ್ತದೆಂದು ಹೇಳಿಕೊಳ್ಳುತ್ತಿದ್ದಳು. ಬೆಳಿಗ್ಗೆಯಿಂದ ಅವನು ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಮನೆ ತುಂಬ ಓಡಾಡಿದ್ದ. ಟೀವಿ ಕೆಟ್ಟಿದೆ ಎನ್ನಬಹುದಿತ್ತು, ಹಿಂದಿನ ತಂತಿಯೊಂದನ್ನು ಎಳೆದರೆ ಸಾಕಿತ್ತು. ತಂತಿಯವರೆಗೆ ಕೈ ಹೋಗಿ ಬಂದಿತ್ತು. ಯಾಕೋ ಸುತ್ತಾಡ್ತೀಯಾ, ಹೊಟ್ಟೆ ಸರಿಯಿಲ್ವಾ ಎಂದು ತಾಯಿ ಎರಡು ಸಲ ಕೇಳಿದ್ದಳು. ಈಗ ಅವನು ಅವಳ ಹಿಂದೆ, ಗೋಡೆಗೆ ಒರಗಿ ನಿಂತ. ಸೇತುವೆಯ ಓಟ ಬಂತು, ತಪ್ಪು ಹೆಗಲಿನ ಚೀಲದೊಂದಿಗೆ. ಬೆನ್ನು ತಿರುಗಿಸಿದವರ ಮಾತು ಬಂತು. ಹದಿನಾಲ್ಕನೆಯ ನಿಮಿಷಕ್ಕೆ ಹುಡುಗಿ ಒಂದು ಮನೆಯ ಮುಂದೆ ಸೈಕಲ್ ನಿಲ್ಲಿಸಿ, ಬಾಗಿಲು ತೆರೆಯುವುದನ್ನು ಕಾಯುತ್ತ, ಈ ಕಡೆಗೆ ತಿರುಗಿದಳು.

ಹುಬ್ಬು ಮೇಲೆದ್ದಿತ್ತು. ಎತ್ತಿ ಹಿಡಿದಿದ್ದಳು. ತುಟಿಗಳ ನಡುವಿನ ಸಣ್ಣ ಕತ್ತಲೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಕೊರಳ ಗುಳಿಯಲ್ಲಿ ಒಂದು ನೆರಳು ಅದರೊಂದಿಗೆ ಏರಿ ಇಳಿಯುತ್ತಿತ್ತು. ಮೂವತ್ತಮೂರು ವರ್ಷಗಳ ಹಿಂದಿನ ಆ ಕಿಟಕಿಯ ಬೆಳಕಿಗೆ ಅವಳ ಕಣ್ಣು ಹೊಳೆಯಿತು. ತಾಯಿಯ ಎರಡು ಕೈಗಳೂ ಕುರ್ಚಿಯ ಹಿಡಿಗಳನ್ನು ಹಿಡಿದವು. ಏಳುತ್ತಾಳೆ ಎಂದುಕೊಂಡ, ಎದ್ದು ಒಲೆಯ ಮುಂದೆ ಹೋಗಿ ನಿಲ್ಲುತ್ತಾಳೆ, ಇನ್ನೆಂದೂ ಬರುವುದಿಲ್ಲ. ತಾಯಿ ಏಳಲಿಲ್ಲ.

“ಜ್ವರ,” ಎಂದಳು.

ಅವನ ಬೆನ್ನು ಗೋಡೆಯಿಂದ ಬೇರ್ಪಟ್ಟಿತು. “ಅಮ್ಮ, ಆವತ್ತು ಮಧ್ಯಾಹ್ನ ನಾನು ಅವಳನ್ನ ಎಬ್ಬಿಸಿ...”

“ಗೊತ್ತು.”

ಹುಡುಗಿ ಇನ್ನೂ ಬಾಗಿಲು ತೆರೆಯುವುದನ್ನು ಕಾಯುತ್ತಿದ್ದಳು. ತಾಯಿ ಅವಳ ಮೇಲಿನ ಕಣ್ಣು ತೆಗೆಯದೆ, ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ, ತಗ್ಗಿದ ದನಿಯಲ್ಲಿ ಹೇಳಿದಳು: “ನಾನು ಮಲಗಿರಲಿಲ್ಲ ಕಣೋ. ಬಾಗಿಲಲ್ಲೇ ನಿಂತಿದ್ದೆ. ಎರಡು ಸಲ ಇಣುಕಿ ನೋಡಿದೆ. ಸಾಕು, ಮಲಗಿಸು ಅಂತ ಬಾಯಿಗೆ ಬಂತು. ಚಿತ್ರ ಅಷ್ಟು ಚೆನ್ನಾಗಿ ಬರ್ತಾ ಇತ್ತು... ಸುಮ್ಮನಾದೆ.”

ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದ ಆ ಗಂಟೆಯ ಇನ್ನೊಂದು ತುದಿಯನ್ನು ಇಷ್ಟು ವರ್ಷವೂ ಇದೇ ಮನೆಯಲ್ಲಿ, ಇದೇ ಊಟದ ಮೇಜಿನ ಎದುರು ಬದಿಯಲ್ಲಿ, ಒಬ್ಬಳು ಹಿಡಿದು ಕುಳಿತಿದ್ದಳು. ಹಗುರಾಗಬೇಕಿತ್ತು, ಆಗಲಿಲ್ಲ. ಟೀವಿಯಲ್ಲಿ ಬಾಗಿಲು ತೆರೆಯಿತು, ಒಂದು ಕೈ ಹೊರಗೆ ಬಂದು ಕಾಗದ ತೆಗೆದುಕೊಂಡಿತು, ಹುಡುಗಿ ಸೈಕಲ್ ಹತ್ತಿದಳು. ಎರಡನೆಯ ಶಾಟ್‌ನಲ್ಲಿ ಅವಳು ಮತ್ತೆ ತಿರುಗಿದಳು. ತಾಯಿ ಮುಂದಕ್ಕೆ ಬಾಗಿದಳು.

“ಮುಂದಿನ ವಾರಾನೂ ಇವಳೇನಾ?”

“ಇವಳೇ ಅಮ್ಮ. ಇನ್ನು ಇವಳೇ.”

“ಹಾಗಿದ್ರೆ ಕುರ್ಚಿ ಮುಂದಕ್ಕೆ ಹಾಕು,” ಎಂದಳು. “ಇಲ್ಲಿಂದ ಅವಳ ಉಸಿರು ಸರಿಯಾಗಿ ಕಾಣಲ್ಲ.”

ಆದರೆ ಅವಳು ಏಳಲಿಲ್ಲ, ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ಅವನು ಬಗ್ಗಿ, ಕುರ್ಚಿಯನ್ನು ಹಿಂದಿನಿಂದ ಎರಡು ಕೈಯಲ್ಲೂ ಹಿಡಿದು, ನೆಲ ಉಜ್ಜಿದ ಸದ್ದು ಕೇಳದ ಹಾಗೆ ತುಸುವೇ ಎತ್ತಿ, ಅವಳು ಕುಳಿತಿದ್ದಂತೆಯೇ ಮುಂದಕ್ಕೆ ಸರಿಸಿದ.